ನಿಧಾನಕ್ಕೆ ಓಡ್ಸೋ ನನ್ನ ಗಾಡಿ ಕ್ಲಚ್ ಹೋಯ್ತು, ಜೋರಾಗಿ ಓಡ್ಸೋ ಭಾವನ ಗಾಡಿದು ಗಟ್ಟಿಯಾಗೇ ಇದೆ, ಯಾಕೆ?

ಯಲಹಂಕ_ಪಯಣಿಗ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೊಳ್ದೆ ಓದಿ. ನಂದು ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನ್ಯುಯಲ್, 2021ರ ಗಾಡಿ, ಓಡಿರೋದು ಇನ್ನೂ 41 ಸಾವಿರ. ಈಗ ಕೆಲವು ವಾರದಿಂದ ಪಿಕಪ್ಪೇ ಇಲ್ಲ, ಹೆಬ್ಬಾಳ ಫ್ಲೈಓವರ್ ಹತ್ತೋವಾಗ ಆಕ್ಸಿಲರೇಟರ್ ತುಳಿದ್ರೆ ಇಂಜಿನ್ ಕಿರುಚ್ಕೊಳತ್ತೆ, ಗಾಡಿ ಮಾತ್ರ ಮುಂದಕ್ಕೆ ಹೋಗಲ್ಲ, ಜೊತೆಗೆ ಒಂಥರಾ ಸುಟ್ಟ ವಾಸನೆ. ಸರ್ವಿಸ್ ಸೆಂಟರ್‌ಗೆ ಬಿಟ್ಟೆ. ಕ್ಲಚ್ ಪೂರ್ತಿ ಹೋಗಿದೆ, ಸೆಟ್ಟೇ ಹಾಕ್ಬೇಕು, ಎಕ್ಸ್‌ಟೆಂಡೆಡ್ ವಾರಂಟಿ ಇದ್ರೂ ಇದು ಅದ್ರಲ್ಲಿ ಬರಲ್ಲ ಅಂದ್ರು. ಯಾಕೆ ಹೋಯ್ತು ಅಂತ ಕೇಳಿದ್ರೆ "ಡ್ರೈವಿಂಗ್ ಹ್ಯಾಬಿಟ್ ಸರ್" ಅಂತ ಒಂದೇ ಮಾತು, ಇನ್ನೇನು ಕೇಳಿದ್ರೂ ಅದೇ ರೆಕಾರ್ಡು.

ನಂಗೆ ಉರಿದಿದ್ದು ಅಲ್ಲೇ. ನಾನು 80 ದಾಟಿಸೋನೇ ಅಲ್ಲ ಕಣ್ರೀ. ಯಲಹಂಕದಿಂದ ಸಿಲ್ಕ್ ಬೋರ್ಡ್ ಕಡೆ ಆಫೀಸು, ದಾಟಿಸ್ತೀನಿ ಅಂದ್ರೂ ಎಲ್ಲಿ ದಾಟಿಸೋದು. ಹಾಸನದಲ್ಲಿರೋ ನಮ್ಮ ಭಾವಂದು ಅದೇ ಕಂಪನಿ ಅದೇ ಮಾಡೆಲ್ಲು, ನಂದಕ್ಕಿಂತ ಒಂದೆರಡು ತಿಂಗಳು ಮೊದಲೇ ತಗೊಂಡಿದ್ದು, 95 ಸಾವಿರ ದಾಟಿದೆ, ಅವ್ರು ಓಡಿಸೋ ಸ್ಟೈಲ್ ನೋಡಿದ್ರೆ ಪಕ್ಕ ಕೂತೋರು ದೇವರನ್ನ ನೆನೆಸ್ಕೋಬೇಕು, ವಾರಕ್ಕೊಂದ್ಸಲ ಸಕಲೇಶಪುರದ ಕಡೆ ತೋಟಕ್ಕೆ ಬೇರೆ ಹೋಗ್ತಾರೆ, ಅವರ ಕ್ಲಚ್ ಇನ್ನೂ ಕಂಪನಿದೇ ಇದೆ! ಹಂಗಾದ್ರೆ ಡ್ರೈವಿಂಗ್ ಹ್ಯಾಬಿಟ್ ಅಂದ್ರೆ ಏನು? ನಂಗೆ ಬಂದಿದ್ದು ಡಿಫೆಕ್ಟ್ ಪೀಸಾ? ಗೊತ್ತಿರೋರು ಹೇಳಿ, ನಾಳಿದ್ದು ಗಾಡಿ ಬಿಚ್ತಾರಂತೆ.

ರೆಡ್‌ಲೈನ್_ರಾಜ:

ಇದಕ್ಕೇ ಬ್ರೋ ನಾನು ಹೇಳೋದು, ಗಾಡಿ ಇರೋದೇ ಓಡ್ಸೋಕೆ, ಸುಮ್ನೆ ಮೆತ್ತಗೆ ಮೆತ್ತಗೆ ಓಡ್ಸಿದ್ರೆ ಇಂಜಿನ್ ಜಾಮ್ ಆಗತ್ತೆ. ನಿಮ್ ಭಾವ ಕರೆಕ್ಟು. ಹ್ಯಾಬಿಟ್ಟು ಗಿಬಿಟ್ಟು ಎಲ್ಲ ಸರ್ವಿಸ್ ಸೆಂಟರ್‌ನೋರ ಕಥೆ, ಬೆಂಗಳೂರು ರೋಡಲ್ಲಿ ಯಾರು ಓಡ್ಸಿದ್ರೂ ಗಾಡಿ ಹೋಗೇ ಹೋಗತ್ತೆ.

ಗ್ಯಾರೇಜ್_ಬಸಣ್ಣ (ಹುಬ್ಬಳ್ಳಿ):

ಪಯಣಿಗ ಅವ್ರ, ಸ್ಪೀಡಿಗೂ ಕ್ಲಚ್ಚಿಗೂ ಸಂಬಂಧ ಭಾಳ ಕಡಿಮಿರಿ. ನಿಮ್ಮ ಭಾವ 120 ಹೊಡದ್ರೂ ಕ್ಲಚ್ಚಿಗೆ ಏನೂ ಆಗಂಗಿಲ್ಲ, ಯಾಕಂದ್ರ ಪೆಡಲಿಂದ ಪೂರ್ತಿ ಕಾಲ ತಗದಾಗ ಗೇರ್‌ಬಾಕ್ಸ್ ಕಡೆ ಇರೂ ಕ್ಲಚ್ ಪ್ಲೇಟು, ಇಂಜಿನ್ ಜೋಡಿ ತಿರಗೂ ಭಾರದ ಚಕ್ರ ಫ್ಲೈವೀಲು ಎರಡೂ ಕಚ್ಚಿಗೊಂಡು ಕೂಡೇ ತಿರಗ್ತಾವ, ಒಂದಕ್ಕೊಂದು ತಿಕ್ಕಾಂಗೇ ಇಲ್ಲ. ತಿಕ್ಕೂದು ಯಾವಾಗ ಅಂದ್ರ ಪೆಡಲ್ ಅರ್ಧ ಬಿಟ್ಟಾಗ, ಅದಕ್ಕ ಹಾಫ್ ಕ್ಲಚ್ ಅಂತೀವಿ. ಗಾಡಿ ನಿಂತಲ್ಲಿಂದ ಎಬ್ಬಸೂವಾಗ, ಗೇರ್ ಬದಲ್ ಮಾಡೂವಾಗ. ಹಾಸನದಿಂದ ಸಕಲೇಶಪುರಕ್ಕ ಹೋಗೂ ಮಟ ಅವ್ರು ಎಷ್ಟ ಸಲ ಕ್ಲಚ್ ಒತ್ತತಾರ, ನೀವು ಹೆಬ್ಬಾಳದಿಂದ ಮೇಖ್ರಿ ಸರ್ಕಲ್‌ಗೆ ಬರೂದ್ರಾಗ ಎಷ್ಟ ಸಲ ಒತ್ತತೀರಿ, ಒಂದಿನ ಲೆಕ್ಕಾ ಹಾಕ್ರಿ. ಕ್ಲಚ್ಚಿನ ಆಯುಷ್ಯ ಕಿಲೋಮೀಟರಿನ್ಯಾಗ ಇಲ್ರಿ, ಎಷ್ಟ ಸಲ ಜಾರಿಸಿದ್ರಿ ಅನ್ನೂದ್ರಾಗ ಐತಿ.

ಆದ್ರ ಟ್ರಾಫಿಕ್ ಎಲ್ಲಾರಿಗೂ ಐತಿ, ಅದೇ ಊರಾಗ 80 ಸಾವಿರ ಓಡಿದ ಕ್ಲಚ್ಚೂ ನಾ ನೋಡೇನಿ, 25 ಸಾವಿರಕ್ಕ ಸುಟ್ಟಿದ್ದೂ ನೋಡೇನಿ. ಅದಕ್ಕ ಕಾರಣ ಬ್ಯಾರೆ. ಒಂದು, ಏರಿನ್ಯಾಗ ಗಾಡಿ ಹಿಂದಕ್ಕ ಜಾರಬಾರ್ದು ಅಂತ ಬ್ರೇಕ್ ಹಿಡಿಯೂದು ಬಿಟ್ಟು ಹಾಫ್ ಕ್ಲಚ್ಚಿನ್ಯಾಗ ನಿಲ್ಸೂದು. ಎರಡು, ಗೇರ್ ಬಿದ್ದ ಮ್ಯಾಲೂ ಎಡಗಾಲ ಪೆಡಲ್ ಮ್ಯಾಲೇ ಇಟ್ಟಿರೂದು. "ಒತ್ತಿಲ್ರಿ, ಸುಮ್ಮ ಇಟ್ಟೇನಿ" ಅಂತಾರ. ಕಾಲಿನ ಭಾರ ಸಾಕು, ಕ್ಲಚ್ ಪ್ಲೇಟನ್ನ ಫ್ಲೈವೀಲಿಗೆ ಒತ್ತಿ ಹಿಡಿಯೂ ಪ್ರೆಷರ್ ಪ್ಲೇಟಿನ ಹಿಡಿತ ಸಡ್ಲ ಆಗ್ತೈತಿ, ಪೆಡಲ್ ತುಳದಾಗ ಆ ಹಿಡಿತ ಬಿಡಿಸೂ ರಿಲೀಸ್ ಬೇರಿಂಗು ದಿನಾಪೂರ್ತಿ ಒತ್ತಿಗೊಂಡು ತಿರಗ್ತಿರ್ತೈತಿ. ಮೂರು, ನಿಂತ ಗಾಡಿನ ಸೆಕೆಂಡ್ ಗೇರಿನ್ಯಾಗ ಎಬ್ಬಸೂದು.

ಈಗ ಡಿಫೆಕ್ಟಾ ಅಲ್ಲಾ ಅನ್ನೂದು. ಅದನ್ನ ಇಲ್ಲೆ ಕುಂತು ಹೇಳಾಕ ಆಗಂಗಿಲ್ಲ, ನೀವೇ ನೋಡಬೇಕು. ಬಿಚ್ಚೂವಾಗ ಎದುರಿಗೆ ನಿಂದರ್ರಿ, ಇಲ್ಲಾ ಹಳೆ ಸಾಮಾನು ಡಿಕ್ಕಿನ್ಯಾಗ ಹಾಕ್ರಿ ಅಂತ ಜಾಬ್ ಕಾರ್ಡಿನ ಮ್ಯಾಲೆ ಬರಸ್ರಿ. ಪ್ಲೇಟ್ ಕೈಯಾಗ ಹಿಡದು ಮೊದ್ಲ ಮೂಸಿ ನೋಡ್ರಿ, ಸುಟ್ಟ ವಾಸನಿ ಇರ್ತೈತಿ, ಅದು ಎಲ್ಲಾದ್ರಾಗೂ ಇರ್ತೈತಿ. ಆಮ್ಯಾಲೆ ಆಯಿಲ್ ಐತೇನ ನೋಡ್ರಿ. ಪ್ಲೇಟ್ ಮ್ಯಾಲೆ ಎಣ್ಣಿ ಜಿಡ್ಡು ಇದ್ರ ಇಂಜಿನ್ ಹಿಂದಿನ ಆಯಿಲ್ ಸೀಲ್ ಇಲ್ಲಾ ಗೇರ್‌ಬಾಕ್ಸ್ ಸೀಲ್ ಸೋರೇತಿ, ಅದು ನಿಮ್ಮ ತಪ್ಪಲ್ಲ, ಅವಾಗ ವಾರಂಟಿಗೆ ಜಗಳಾ ತಗೀರಿ. ಎಣ್ಣಿ ಇಲ್ಲ, ಪ್ಲೇಟಿನ ಮ್ಯಾಲಿನ ತಿಕ್ಕೂ ಪದರ, ಅಂದ್ರ ಲೈನಿಂಗ್, ಸವದು ರಿವೆಟ್ ಮಟ ಬಂದೈತಿ, ಫ್ಲೈವೀಲ್ ಮ್ಯಾಲೆ ನೀಲಿ ಬಣ್ಣದ ಕಲೆ ಐತಿ ಅಂದ್ರ ಅದು ಬಿಸಿ, ಹಾಫ್ ಕ್ಲಚ್ಚಿಂದು. ಪ್ರೆಷರ್ ಪ್ಲೇಟಿನ ನಡುವ ಬೆರಳಿನಂಗ ಪಟ್ಟಿ ಇರ್ತಾವಲ್ಲ, ಫಿಂಗರ್ ಅಂತೀವಿ ಅದಕ್ಕ, ಅದರ ತುದಿ ಕೊರದು ಗುಂಡಿ ಬಿದ್ದಿದ್ರ ಅದು ಪೆಡಲ್ ಮ್ಯಾಲೆ ಕಾಲ ಇಟ್ಟಿದ್ದಕ್ಕ. ಪ್ಲೇಟ್ ನಡುವಿನ ಸ್ಪ್ರಿಂಗ್ ಮುರದು ಖಟಖಟ ಅಂತಿದ್ರ ಜರ್ಕ್ ಹೊಡದು ಎಬ್ಬಸಿದ್ದು. ಬಿಚ್ಚಿದ ಸಾಮಾನು ಸುಳ್ಳ ಹೇಳಂಗಿಲ್ರಿ, ಹೇಳಿದ್ರ ಅಡ್ವೈಸರ್ ಹೇಳಬೇಕು ಅಷ್ಟ.

ನಿಮ್ದು ಕೇಬಲ್ ಕ್ಲಚ್ ಇದ್ರ ಇನ್ನೊಂದು ಕೇಳ್ರಿ, ಫ್ರೀ ಪ್ಲೇ, ಅಂದ್ರ ಕ್ಲಚ್ ಕೆಲಸ ಸುರು ಮಾಡೂ ಮುಂಚೆ ಪೆಡಲ್ ಖಾಲಿ ಹೋಗೂ ಅಂತರ, ಎಷ್ಟ ಇತ್ತು ಅಂತ. ಸರ್ವಿಸಿನ್ಯಾಗ ಭಾಳ ಬಿಗಿ ಮಾಡಿ ಬಿಟ್ಟಿದ್ರ ನೀವು ಕಾಲ ಇಡದಿದ್ರೂ ಇಟ್ಟಂಗೇ ಆಗಿರ್ತೈತಿ.

ಕುಡ್ಲದ_ಡ್ರೈವರ್:

ಬಸಣ್ಣ ಹೇಳಿದ್ದು ಸರಿ ಉಂಟು. ನಾನು ಟ್ರಾವೆಲ್ಸ್ ಗಾಡಿ ಓಡಿಸುವವ, ಮಂಗಳೂರು ಬೆಂಗಳೂರು, ಶಿರಾಡಿ ಬಂದ್ ಆದ್ರೆ ಚಾರ್ಮಾಡಿ. ನಮ್ಮ ಹಳದಿ ಬೋರ್ಡಿಗೆ ಸ್ಪೀಡ್ ಗವರ್ನರ್ 80ಕ್ಕೆ ಕೂತಿರ್ತದೆ, ಹಾಗಾಗಿ ಸ್ಪೀಡಲ್ಲಿ ಗಾಡಿ ಹಾಳು ಮಾಡುವ ಚಾನ್ಸೇ ಇಲ್ಲ ನಮಗೆ, ಆದ್ರೂ ಒಬ್ಬೊಬ್ಬ ಡ್ರೈವರ್ ಕೈಯಲ್ಲಿ ಒಂದೇ ಥರದ ಗಾಡಿ ಬೇರೆ ಬೇರೆ ಆಗಿ ಬಿಡ್ತದೆ ಮಾರಾಯ್ರೆ. ಓನರಿಗೆ ಬ್ರೇಕ್ ಪ್ಯಾಡಿನ ಬಿಲ್ ನೋಡಿಯೇ ಯಾರು ಓಡಿಸಿದ್ದು ಅಂತ ಗೊತ್ತಾಗ್ತದೆ.

ಘಾಟಿ ಇಳಿಯುವಾಗ ನೋಡ್ಬೇಕು ನೀವು. ಡೀಸೆಲ್ ಉಳೀತದೆ ಅಂತ ನ್ಯೂಟ್ರಲ್ ಹಾಕಿ ಬ್ರೇಕಲ್ಲೇ ಇಳಿಸುವವರು ಈಗಲೂ ಇದ್ದಾರೆ. ಚಾರ್ಮಾಡಿಯಲ್ಲಿ ಕೆಳಗೆ ಬಂದು ನಿಲ್ಲಿಸಿದ್ರೆ ಚಕ್ರದಿಂದ ಹೊಗೆ, ಪೆಡಲ್ ಸ್ಪಂಜಿ ಆಗಿ ನೆಲಕ್ಕೆ ಹೋಗಿರ್ತದೆ. ಅಲ್ಲಿ ಇವ ಎಂತ ಮಾಡ್ತಾನೆ, ಒಂದು ಬಾಟ್ಲಿ ನೀರು ತಕ್ಕೊಂಡು ಆ ಕೆಂಪಗೆ ಕಾದ ಡಿಸ್ಕಿಗೆ ಹೊಯ್ತಾನೆ. ಡಿಸ್ಕ್ ಡೊಂಕು ಆಗದೆ ಇನ್ನೆಂತ ಆಗುದು? ಮರುದಿನದಿಂದ ಬ್ರೇಕ್ ಒತ್ತಿದ್ರೆ ಸ್ಟೇರಿಂಗ್ ನಡುಗುದು, ಕಂಪನಿಗೆ ಬೈಯುದು.

ಹತ್ತುವಾಗ ಯಾವ ಗೇರ್ ಬೇಕಾಗಿತ್ತೋ ಇಳಿಯುವಾಗಲೂ ಅದೇ ಗೇರ್, ಇದು ಹಳೆಯ ಬಸ್ ಡ್ರೈವರ್‌ಗಳು ನಮಗೆ ಹೇಳಿಕೊಟ್ಟದ್ದು. ಇಂಜಿನೇ ಹಿಡ್ಕೊಳ್ತದೆ, ತಿರುವಿಗೆ ಮೊದಲು ಒಮ್ಮೆ ಗಟ್ಟಿ ಬ್ರೇಕ್ ಕೊಟ್ಟು ಬಿಡುದು, ಇಡೀ ಘಾಟಿ ಸಣ್ಣಕ್ಕೆ ಒತ್ತಿಕೊಂಡೇ ಬರುದಲ್ಲ. ರಾಜ ಅವರೇ, ನಿಮ್ಮ ಹಾಗೆ ಹೇಳುವವರೇ ಘಾಟಿಯಲ್ಲಿ ನಮ್ಮನ್ನು ಓವರ್‌ಟೇಕ್ ಮಾಡಿ ಕೆಳಗೆ ಬಾನೆಟ್ ತೆಗೆದು ನಿಂತಿರುದು, ನಾವು ಕೈ ಬೀಸಿ ಹೋಗುದು, ಬೇಜಾರು ಮಾಡ್ಬೇಡಿ ಆಯ್ತಾ.

ಎರಡನೇ_ಗೇರ್:

ಮೇಲಿನವ್ರು ಹೇಳಿದ ನ್ಯೂಟ್ರಲ್ ವಿಷಯಕ್ಕೆ ಒಂದು ಸೇರಿಸ್ತೀನಿ, ನಾನು ಮೆಕ್ಯಾನಿಕಲ್ ಓದಿದೋಳು, ಈಗ ಕೆಲಸ ಸಾಫ್ಟ್‌ವೇರಲ್ಲಿ ಅನ್ನೋದು ಬೇರೆ ಕಥೆ. ಈಗಿನ ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಲ್ಲಿ ಗೇರಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ರೆ ಇಸಿಯು, ಅಂದ್ರೆ ಇಂಜಿನ್ ಕಂಪ್ಯೂಟರ್, ಪೆಟ್ರೋಲೋ ಡೀಸೆಲ್ಲೋ ಪೂರ್ತಿ ನಿಲ್ಲಿಸತ್ತೆ, ಚಕ್ರಗಳೇ ಇಂಜಿನ್ ತಿರುಗಿಸ್ತಾ ಇರ್ತವೆ. ನ್ಯೂಟ್ರಲ್ ಹಾಕಿದ್ರೆ ಇಂಜಿನ್ ಆಫ್ ಆಗ್ದೇ ಇರೋಕೆ ಐಡಲ್ಲಿಗೆ ಬೇಕಾದಷ್ಟು ಕುಡೀತಾನೇ ಇರತ್ತೆ. ಅಂದ್ರೆ ಉಳಿಸೋಕೆ ಹೋಗಿ ಜಾಸ್ತಿ ಸುಡ್ತಿದಾರೆ, ಬ್ರೇಕೂ ಸುಡ್ತಿದಾರೆ.

ಬ್ರೇಕಿಗೆ ಎಷ್ಟು ಬಿಸಿ ಅನ್ನೋದಕ್ಕೆ ಲೆಕ್ಕ ಇಲ್ಲಿದೆ. ಒಂದು ಟನ್ ತೂಕದ ಗಾಡಿ 500 ಮೀಟರ್ ಎತ್ತರದಿಂದ ಬರೀ ಬ್ರೇಕ್ ಮೇಲೆ ಇಳಿದ್ರೆ ಸುಮಾರು 49 ಲಕ್ಷ ಜೂಲ್ ಶಕ್ತಿ, ಗಾಳಿ ತಡೆ ಗಿಡೆ ಬಿಟ್ರೆ ಅದರಲ್ಲಿ ಹೆಚ್ಚಿನದು ಡಿಸ್ಕು ಡ್ರಮ್ಮಲ್ಲೇ ಬಿಸಿಯಾಗಿ ಹೋಗ್ಬೇಕು. ಹೆಚ್ಚುಕಮ್ಮಿ 15 ಲೀಟರ್ ತಣ್ಣೀರನ್ನ ಕುದಿಯೋ ಹಂತಕ್ಕೆ ತರೋವಷ್ಟು. ಪೆಡಲ್ ಸ್ಪಂಜಿ ಆಗೋದೂ ಇದಕ್ಕೇ. ಬ್ರೇಕ್ ಫ್ಲೂಯಿಡ್ ಗಾಳಿಲಿರೋ ನೀರಿನಂಶ ಹೀರ್ಕೊಳತ್ತೆ, ಡಾಟ್ 4 ಅನ್ನೋ ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿ ತನಕ ಕುದಿಯಲ್ಲ, ನೀರು ಸೇರಿದ ಮೇಲೆ ಅದರ ಮಿತಿ 155ಕ್ಕೆ ಇಳಿಯತ್ತೆ, ಕುದ್ದಾಗ ಪೈಪಲ್ಲಿ ಗುಳ್ಳೆ, ಗುಳ್ಳೆ ಒತ್ತಿದ್ರೆ ಕುಗ್ಗತ್ತೆ, ಬ್ರೇಕ್ ಹಿಡಿಯಲ್ಲ. ಅದಕ್ಕೇ ಎರಡು ವರ್ಷಕ್ಕೊಂದ್ಸಲ ಬದಲಾಯಿಸಿ ಅನ್ನೋದು, ನಮ್ಮಲ್ಲಿ ಎಷ್ಟು ಜನ ಮಾಡಿಸ್ತಾರೆ ಹೇಳಿ.

ಸಿಟಿಲೂ ಇದೇ ಲೆಕ್ಕ. ಸ್ಪೀಡ್ ಡಬಲ್ ಆದ್ರೆ ಬ್ರೇಕ್ ತಿನ್ನೋ ಶಕ್ತಿ ನಾಲ್ಕು ಪಟ್ಟು. ಮುಂದೆ ಕೆಂಪು ಸಿಗ್ನಲ್ ಕಾಣ್ತಿದೆ, ಆದ್ರೂ ಅಲ್ಲಿ ತನಕ 80ರಲ್ಲಿ ಹೋಗಿ ಗಕ್ಕಂತ ನಿಲ್ಲಿಸೋನಿಗೂ, ದೂರದಿಂದಲೇ ಕಾಲು ತೆಗೆದು 40ಕ್ಕೆ ಇಳಿದು ಆಮೇಲೆ ಬ್ರೇಕ್ ಹಿಡಿಯೋನಿಗೂ ಪ್ರತಿ ಸಿಗ್ನಲ್ಲಲ್ಲಿ ಇಷ್ಟು ವ್ಯತ್ಯಾಸ. ಇಬ್ಬರೂ ಅದೇ ಸಿಗ್ನಲ್ಲಲ್ಲಿ ಅಕ್ಕಪಕ್ಕ ನಿಂತಿರ್ತಾರೆ, ಅದು ತಮಾಷೆ.

ಪಯಣಿಗ ಅವರ ಕೇಸಿಗೆ ಬಂದ್ರೆ, ಏರಲ್ಲಿ ಹಾಫ್ ಕ್ಲಚ್ಚಲ್ಲಿ ನಿಂತಾಗ ಗಾಡಿ ಒಂದಿಂಚೂ ಮುಂದೆ ಹೋಗಿರಲ್ಲ, ಕ್ಲಚ್‌ಗೆ ಬಂದ ಶಕ್ತಿ ಅಷ್ಟೂ ಆ ತೆಳ್ಳನೆ ಪ್ಲೇಟಲ್ಲೇ ಬಿಸಿ ಆಗತ್ತೆ. ಗಾಡಿ ನಿಂತೇ ಇದೆಯಲ್ಲ ಅಂತ ನಾವು ಅನ್ಕೋತೀವಿ. ಹ್ಯಾಂಡ್‌ಬ್ರೇಕ್ ಎಳೀರಿ, ನ್ಯೂಟ್ರಲ್ ಮಾಡಿ, ಮುಂದಿನ ಗಾಡಿ ಹೋದ್ಮೇಲೆ ಫಸ್ಟ್ ಹಾಕಿ ಕಚ್ಚೋ ಪಾಯಿಂಟ್ ಬಂದಾಗ ಹ್ಯಾಂಡ್‌ಬ್ರೇಕ್ ಬಿಡಿ. ಹಿಂದಿನೋನು ಹಾರ್ನ್ ಹೊಡೀತಾನೆ, ಹೊಡ್ಕೊಳ್ಲಿ ಬಿಡಿ, ಅವನೇನು ನಿಮ್ಮ ಬಿಲ್ ಕೊಡ್ತಾನಾ.

ರೆಡ್‌ಲೈನ್_ರಾಜ:

ಅಯ್ಯೋ ಎಲ್ರೂ ನನ್ ಮೇಲೇ ಬೀಳ್ತಿದೀರಲ್ಲ. ಸರಿ ಹಂಗಾದ್ರೆ ಇದಕ್ಕೆ ಉತ್ತರ ಕೊಡಿ, ನನ್ ಫ್ರೆಂಡ್ ಒಬ್ಬ ಡೀಸೆಲ್ ಎಸ್‌ಯುವಿ ತಗೊಂಡು ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮಗಳ ಸ್ಕೂಲಿಗೆ ಅಷ್ಟೇ ಓಡ್ಸೋನು, ಸೌಂಡೇ ಬರದಂಗೆ. ಅವನ ಗಾಡಿ ಡಿಪಿಎಫ್ ಲೈಟ್ ಬಂದು ಲಿಂಪ್ ಮೋಡ್‌ಗೆ ಹೋಯ್ತು, ಅಂದ್ರೆ ಗಾಡಿ ತಾನೇ ಪವರ್ ಕಮ್ಮಿ ಮಾಡ್ಕೊಳ್ತು. ಸರ್ವಿಸ್‌ನೋರೇ ಹೈವೇಲಿ ಎಳೀರಿ ಅಂದ್ರು. ಈಗ ಹೇಳಿ ಮೆತ್ತಗೆ ಓಡ್ಸೋದು ಒಳ್ಳೇದಾ?

ಎರಡನೇ_ಗೇರ್:

ನಿಮ್ಮ ಫ್ರೆಂಡ್ ವಿಷಯ ನಿಜ, ಇದ್ರಲ್ಲಿ ನಿಮ್ಮ ಮಾತು ಒಪ್ತೀನಿ. 2020ರ ಏಪ್ರಿಲ್‌ನಿಂದ ಬಿಎಸ್6 ಹೊಗೆ ನಿಯಮ ಬಂತಲ್ಲ, ಅವಾಗಿಂದ ಡೀಸೆಲ್ ಕಾರುಗಳ ಸೈಲೆನ್ಸರ್ ಲೈನಲ್ಲಿ ಡಿಪಿಎಫ್ ಅಂತ ಮಸಿ ಹಿಡಿಯೋ ಫಿಲ್ಟರ್ ಇದೆ. ಅದು ಒಳ್ಳೆ ಕಾದಾಗ ಮಾತ್ರ ಆ ಮಸಿ ಸುಟ್ಟು ಕ್ಲೀನ್ ಆಗತ್ತೆ. ಎರಡೆರಡು ಕಿಲೋಮೀಟರ್ ಓಡ್ಸಿ ಆಫ್ ಮಾಡಿದ್ರೆ ಕಾಯೋದೇ ಇಲ್ಲ, ಕಟ್ಕೊಳತ್ತೆ. ಆದ್ರೆ ಇಲ್ಲಿ ಬೇಕಿರೋದು ಗಾಡಿ ಬಿಸಿ ಆಗಿ ಒಂದಷ್ಟು ಹೊತ್ತು ಒಂದೇ ಸಮ ಓಡೋದು. ಸಿಗ್ನಲ್ಲಿಂದ ಸಿಗ್ನಲ್ಲಿಗೆ ರೇಸ್ ಹೊಡೆಯೋದಲ್ಲ ಮಹಾರಾಯರೇ.

ಇಂಜಿನ್ ವಿಷಯದಲ್ಲೂ ಹಾಗೇ, ಆಯಿಲ್ ಪೂರ್ತಿ ಬಿಸಿ ಆದ್ಮೇಲೆ ಅಪರೂಪಕ್ಕೆ 5000 ಆರ್‌ಪಿಎಂ ಮುಟ್ಟಿಸಿದ್ರೆ ಪೆಟ್ರೋಲ್ ಇಂಜಿನ್‌ಗೆ ಏನೂ ಆಗಲ್ಲ, ಅದಕ್ಕೇ ಮಾಡಿರೋದು. ಬೆಳಿಗ್ಗೆ ಸ್ಟಾರ್ಟ್ ಮಾಡಿ ಗೇಟ್ ದಾಟೋ ಮೊದ್ಲೇ ರೇಸ್ ಕೊಡ್ತಾರಲ್ಲ, ಅದು ಸವೆತ. ಡ್ಯಾಶ್‌ಬೋರ್ಡಲ್ಲಿ ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ ಮಾತ್ರಕ್ಕೆ ಆಯಿಲ್ ಕಾದಿದೆ ಅಂತ ಅಲ್ಲ, ಅದು ತೋರ್ಸೋದು ಕೂಲೆಂಟ್, ಆಯಿಲ್ ಕಾಯೋಕೆ ಇನ್ನೂ ಟೈಮ್ ಬೇಕು. ಅದಕ್ಕೆ ನಿಲ್ಲಿಸ್ಕೊಂಡು ಕಾಯಿಸೋದೂ ಬೇಡ, ಮೊದಲ ಕೆಲವು ಕಿಲೋಮೀಟರ್ ಸುಮ್ನೆ ಮೆತ್ತಗೆ ಹೋದ್ರೆ ಸಾಕು.

ಮೈಲೇಜ್ ಆಸೆಗೆ 35ರಲ್ಲಿ ಐದನೇ ಗೇರ್ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತೋದು, ಇಂಜಿನ್ ಗುಡುಗುಡು ಅಂತಿರತ್ತೆ, ಇದನ್ನ ಮಾಡೋರೆಲ್ಲ ತಾವು ನಿಧಾನದ ಡ್ರೈವರ್ ಅನ್ಕೊಂಡಿರ್ತಾರೆ. ಆ ಗುದ್ದು ಎಲ್ಲ ಪಿಸ್ಟನ್ನು, ಬೇರಿಂಗು, ಇಂಜಿನ್ ಮೌಂಟಿಂಗ್ ತಿನ್ನತ್ತೆ. ಅಲ್ಲಿ ಗೇರ್ ಇಳಿಸ್ಬೇಕು, ನನ್ ಐಡಿ ಯಾಕೆ ಎರಡನೇ ಗೇರ್ ಅಂತ ಈಗ ಗೊತ್ತಾಯ್ತಲ್ಲ.

ಮದ್ದೂರ್_ವಡೆ:

ಟರ್ಬೋ ಇರೋರು ಇದನ್ನೂ ನೋಡ್ಕೊಳಿ. ಟರ್ಬೋ ಒಳಗಿನ ಶಾಫ್ಟು ನಿಮಿಷಕ್ಕೆ ಲಕ್ಷಕ್ಕೂ ಮೇಲೆ ತಿರುಗತ್ತೆ, ಅದಕ್ಕೆ ಆಧಾರ ಅಂದ್ರೆ ಇಂಜಿನ್ ಆಯಿಲ್ಲೇ. ಮೈಸೂರ್ ಎಕ್ಸ್‌ಪ್ರೆಸ್‌ವೇಲಿ ಲಿಮಿಟ್ 100 ಇದ್ರೂ ಅದರ ಮೇಲೇ ಎಳ್ಕೊಂಡು ಬಂದು ಶೋಲ್ಡರ್ ಅಲ್ಲಿ ನಿಲ್ಲಿಸಿ ತಕ್ಷಣ ಕೀ ಆಫ್ ಮಾಡ್ತಾರಲ್ಲ, ಆಯಿಲ್ ನಿಂತೋಗತ್ತೆ, ಕಾದ ಟರ್ಬೋ ಒಳಗೆ ಉಳಿದ ಆಯಿಲ್ ಸುಟ್ಟು ಕರಿಕಟ್ಟತ್ತೆ. ಅರ್ಧ ಒಂದು ನಿಮಿಷ ಐಡಲ್ ಬಿಟ್ರೆ ಆಯ್ತು. ವಡೆ ತಿನ್ನೋಕೆ ಅಂತ ಸರ್ವಿಸ್ ರೋಡಿಗೆ ಇಳಿದು ಊರೊಳಗೆ ನಿಧಾನಕ್ಕೆ ಬಂದಿದ್ರೆ ಅದೂ ಬೇಡ, ಅಷ್ಟ್ರಲ್ಲೇ ತಣ್ಣಗಾಗಿರತ್ತೆ.

ಗ್ಯಾರೇಜ್_ಬಸಣ್ಣ (ಹುಬ್ಬಳ್ಳಿ):

ಸಸ್ಪೆನ್ಷನ್ ಯಾರೂ ಹೇಳ್ಲಿಲ್ಲ ನೋಡ್ರಿ, ನಮ್ಮ ಗ್ಯಾರೇಜಿಗೆ ಅನ್ನ ಹಾಕೂದೇ ಅದು. ಹಂಪ್ ಬರೂ ಮಟ ಜೋರ್ ಬಂದು, ಹಂಪಿನ ಮ್ಯಾಲೇ ಬ್ರೇಕ್ ತುಳೀತಾರ. ಬ್ರೇಕ್ ತುಳದಾಗ ಗಾಡಿ ಮೂಗು ಕೆಳಗ ಬಗ್ಗಿ ಮುಂದಿನ ಸ್ಪ್ರಿಂಗ್ ಮೊದಲೇ ಕುಂತಿರ್ತೈತಿ, ಅದರ ಮ್ಯಾಲೆ ಹಂಪಿನ ಹೊಡ್ತ ಬಿತ್ತಂದ್ರ ತಡಕೊಳ್ಳಾಕ ಜಾಗಾನೇ ಇರಂಗಿಲ್ಲ, ನೇರ ಬುಷ್, ಲಿಂಕ್ ರಾಡ್, ಬಾಲ್ ಜಾಯಿಂಟಿಗೆ ಬೀಳ್ತೈತಿ. ಮೊದ್ಲೇ ಬ್ರೇಕ್ ಹಿಡದು, ಗಾಲಿ ಏರೂ ಹೊತ್ತಿಗೆ ಬಿಟ್ಟಬಿಡ್ರಿ, ಮೂಗು ಮ್ಯಾಲೆ ಏಳ್ತೈತಿ, ಹಗೂರ ದಾಟ್ತೈತಿ. ಗುಂಡಿಗೂ ಇದೇ ಮಾತು, ತಪ್ಪಸಾಕ ಆಗ್ಲಿಲ್ಲಂದ್ರ ಬ್ರೇಕ್ ಬಿಟ್ಟು ಇಳಸ್ರಿ.

ಟೈರ್ ನೋಡಿದ್ರೂ ಗೊತ್ತಾಗ್ತೈತಿ. ಎರಡೂ ಅಂಚು ಸವದಿದ್ರ ಗಾಳಿ ಕಡಿಮಿ ಇಲ್ಲಾ ತಿರುವಿನ್ಯಾಗ ಜೋರು, ನಡುವ ಸವದಿದ್ರ ಗಾಳಿ ಜಾಸ್ತಿ, ಒಂದೇ ಅಂಚು ಸವದಿದ್ರ ಅಲೈನ್‌ಮೆಂಟ್.

ಜಯನಗರ_4ನೇ_ಬ್ಲಾಕ್:

ನಂದು ಎಎಂಟಿ, ಅಂದ್ರೆ ಗೇರ್ ತಾನೇ ಬದಲಾಗೋ ಗಾಡಿ, ಕ್ಲಚ್ ಪೆಡಲ್ಲೇ ಇಲ್ಲ, ಹಾಗಾದ್ರೆ ನಂಗೆ ಈ ತಲೆನೋವಿಲ್ಲ ತಾನೇ?

ಎರಡನೇ_ಗೇರ್:

ಪೆಡಲ್ ಇಲ್ಲ ಅಷ್ಟೇ, ಒಳಗೆ ಅದೇ ಕ್ಲಚ್ ಪ್ಲೇಟ್ ಇದೆ, ನಿಮ್ಮ ಕಾಲಿನ ಬದಲು ಮೋಟರ್ರೋ ಹೈಡ್ರಾಲಿಕ್ಕೋ ಒತ್ತತ್ತೆ. ಏರಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಮೇಲೆ ನಿಲ್ಲಿಸ್ಬೇಡಿ, ಅದು ಹಾಫ್ ಕ್ಲಚ್ಚೇ. ಟ್ರಾಫಿಕ್ಕಲ್ಲಿ ಇಂಚಿಂಚು ತೆವಳೋ ಬದ್ಲು ಮುಂದೆ ಸ್ವಲ್ಪ ಜಾಗ ಬಿಟ್ಟು ಒಂದೇ ಸಲ ಹೋಗಿ.

ಯಲಹಂಕ_ಪಯಣಿಗ:

ಎಲ್ರಿಗೂ ಥ್ಯಾಂಕ್ಸ್. ಇವತ್ತು ಬಿಚ್ಚಿದ್ರು. ಮೊದ್ಲು ಕಸ್ಟಮರ್ ಒಳಗೆ ಬರಂಗಿಲ್ಲ ಅಂದ್ರು, ಬಸಣ್ಣ ಹೇಳಿದಂಗೆ ಜಾಬ್ ಕಾರ್ಡಲ್ಲಿ ಬರೆಸಿದ್ದೆ, ಅದನ್ನ ತೋರಿಸಿದ್ಮೇಲೆ ಟೆಕ್ನಿಶಿಯನ್ನೇ ಎಲ್ಲ ಒಂದು ಟ್ರೇನಲ್ಲಿ ಹಾಕ್ಕೊಂಡು ಬಂದ. ಪ್ಲೇಟ್ ಮೇಲೆ ಎಣ್ಣೆ ಇಲ್ಲ, ಒಣಗಿ ಕರೀ ಪುಡಿ ಉದುರ್ತಿತ್ತು, ಒಂದು ಕಡೆ ರಿವೆಟ್ ಕಾಣತ್ತೆ. ಸ್ಪ್ರಿಂಗೆಲ್ಲ ಗಟ್ಟಿ ಇದೆ. ಫಿಂಗರ್ ತುದಿ ಕೈಲಿ ಮುಟ್ಟಿದ್ರೆ ಸಣ್ಣ ಹಳ್ಳ ಸಿಗತ್ತೆ. ಫ್ಲೈವೀಲ್ ಮೇಲೆ ನೀಲಿ ಕಲೆ ಅಲ್ಲಲ್ಲಿ, ಸುತ್ತ ಗೀರು ಬೇರೆ. ಫ್ಲೈವೀಲೂ ಹೊಸದು ಹಾಕ್ಬೇಕು ಅಂತಿದಾರೆ, ಅದರ ರೇಟ್ ಕೇಳಿ ತಲೆ ತಿರುಗ್ತು. ಬೇಕಾ? ಕೇಬಲ್ ಫ್ರೀ ಪ್ಲೇ ಕೇಳಿದೆ, ಬಿಚ್ಚಿ ಆಯ್ತಲ್ಲ ಸರ್ ಈಗ ಹೇಗೆ ಹೇಳೋದು ಅಂದ್ರು. ಭಾವಂಗೆ ಫೋನ್ ಮಾಡಿ ಹೇಳಿದ್ರೆ ನಗ್ತಾ ಇದಾರೆ.

ಗ್ಯಾರೇಜ್_ಬಸಣ್ಣ (ಹುಬ್ಬಳ್ಳಿ):

ಎಣ್ಣಿ ಇಲ್ಲ, ನೀಲಿ ಕಲೆ ಐತಿ ಅಂದಮ್ಯಾಲೆ ವಾರಂಟಿ ಆಸೆ ಬಿಡ್ರಿ. ಫಿಂಗರ್ ಹಳ್ಳ ಕಾಲಿಂದೋ ಬಿಗಿ ಕೇಬಲ್ಲಿಂದೋ ಈಗ ಯಾರೂ ಹೇಳಾಕ ಬರಂಗಿಲ್ಲ, ಅದನ್ನ ಬಿಚ್ಚೂ ಮುಂಚೆ ನೋಡಬೇಕಿತ್ತು. ಹೊಸಾದು ಕುಂದ್ರಿಸಿದ ಮ್ಯಾಲೆ ಫ್ರೀ ಪ್ಲೇ ಕಂಪನಿ ಅಳತಿಗೆ ಇಟ್ಟು ಬಿಲ್ಲಿನ ಮ್ಯಾಲೆ ಬರದ ಕೊಡ್ರಿ ಅನ್ರಿ, ಮುಂದಿನ ಸಲ ಮಾತಾಡಾಕ ಆಧಾರ ಇರ್ತೈತಿ.

ಫ್ಲೈವೀಲ್ ಗೀರಿನ ಮ್ಯಾಲೆ ಉಗುರು ಅಡ್ಡ ಎಳದ್ ನೋಡ್ರಿ. ಉಗುರು ಸಿಕ್ಕಂಗಿಲ್ಲಂದ್ರ ಎಮೆರಿ ಪೇಪರ್ ಹೊಡದು ಹಾಕಬಹುದು. ಸಿಕ್ತೈತಿ ಆದ್ರ ಬಿರುಕು ಇಲ್ಲಂದ್ರ, ಮತ್ತ ಅದು ಒಂದೇ ತುಂಡಿನ ಸಾದಾ ಫ್ಲೈವೀಲ್ ಇದ್ರ, ಲೇತಿನ್ಯಾಗ ಸಾಪ ಮಾಡಸಬಹುದು, ಕಂಪನಿಯವ್ರು ಮಾಡಂಗಿಲ್ಲ, ಹೊರಗ ಮಾಡಸಬೇಕು. ಕೂದಲಿನಂಥಾ ಬಿರುಕು ಕಂಡ್ರ ಮಾತ್ರ ಹೊಸಾದು ಹಾಕ್ರಿ, ಅದ್ರಾಗ ರೊಕ್ಕ ಉಳಸಾಕ ಹೋಗಬ್ಯಾಡ್ರಿ. ರಿಲೀಸ್ ಬೇರಿಂಗ್ ಹಳೇದ ಬಿಡಬ್ಯಾಡ್ರಿ, ಗೇರ್‌ಬಾಕ್ಸ್ ಇಳಿಸಿದ್ದ ಲೇಬರ್ ಹೆಂಗಿದ್ರೂ ಒಂದೇ. ಹೊಸಾ ಕ್ಲಚ್ ಕಚ್ಚೂ ಪಾಯಿಂಟ್ ಬ್ಯಾರೆ ಕಡೆ ಇರ್ತೈತಿ, ಶೋರೂಮಿನಿಂದ ಹೊರಗ ಬರೂವಾಗ ಒಂದೆರಡು ಸಲ ಆಫ್ ಆಗ್ತೈತಿ, ಗಾಬರಿ ಆಗಬ್ಯಾಡ್ರಿ.